ಎರಡನೇ ಪಂಕ್ತಿಯ ನಾಲ್ಕು ಕುರ್ಚಿ

"ಇವನು ನನ್ನ ಅಳಿಯ, ಫರ್ಗಸ್," ಎಂದು ಆ ಮುದುಕ ಪರಿಚಯ ಮಾಡಿಕೊಟ್ಟಾಗ ಐಲ್ಸಾಳ ನಗು ಅರ್ಧಕ್ಕೇ ನಿಂತಿತು.

ಅಳಿಯ ಎಂದ ಮೇಲೆ ಮಗಳೂ ಇರಲೇಬೇಕಲ್ಲ. ಎಲ್ಲೋ ಕ್ಯಾಬಿನ್‌ನಲ್ಲಿ ತಲೆ ಬಾಚಿಕೊಳ್ಳುತ್ತಿರಬೇಕು, ಈಗ ಬಂದಾಳು.

ಸಂಜೆ ಹಡಗು ರೊಸೈತ್ ಬಂದರಿನಿಂದ ಹೊರಟು ದೊಡ್ಡ ಸೇತುವೆಯ ಕೆಳಗೆ ಹಾಯುವಾಗ ಇದೇ ಫರ್ಗಸ್ ಅವಳ ಪಕ್ಕದಲ್ಲಿ ಕಟಕಟೆ ಹಿಡಿದು ನಿಂತಿದ್ದ. ಸೇತುವೆ ಎಷ್ಟೋ ಎತ್ತರದಲ್ಲಿತ್ತು. ಆದರೂ ತಲೆಗೆ ತಾಗೀತೆಂಬಂತೆ ಐಲ್ಸಾ ತಲೆ ತಗ್ಗಿಸಿದ್ದಳು. ತಿರುಗಿ ನೋಡಿದರೆ ಅವನೂ ತಗ್ಗಿಸಿದ್ದ! ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದರು. ಆ ನಗು ಇನ್ನೂ ಎದೆಯಲ್ಲಿ ಬೆಚ್ಚಗಿರುವಾಗಲೇ ಈ ಅಳಿಯನ ಸುದ್ದಿ.

ಮೊದಲ ರಾತ್ರಿ ಆ ಹಡಗಿನಲ್ಲಿ ಯಾರು ಎಲ್ಲಿ ಬೇಕಾದರೂ ಕೂರಬಹುದು. ಕೆಳಗಿನ ದೊಡ್ಡ ಹಾಲ್‌ನಲ್ಲಿ ಜಾಗ ಹುಡುಕುತ್ತಿದ್ದ ಐಲ್ಸಾ ಮತ್ತು ಅವಳ ನೆಟ್ಟಾ ಚಿಕ್ಕಮ್ಮನನ್ನು ಈ ಮುದುಕ, ಆರ್ಚಿ ಮೆಲ್ಡ್ರಮ್, ಕೈಬೀಸಿ ತನ್ನ ಟೇಬಲ್‌ಗೆ ಕರೆದಿದ್ದ. ಒಬ್ಬರ ಮನೆಯ ವಿಷಯ ಕೆದಕಬಾರದೆಂಬ ಸಂಕೋಚ ನೆಟ್ಟಾ ಚಿಕ್ಕಮ್ಮನಿಗೆ ಹುಟ್ಟಿನಿಂದಲೂ ಇರಲಿಲ್ಲ.

"ಮಗಳು ಬರಲಿಲ್ವಾ?" ಎಂದು ಕೂತ ಕೂಡಲೇ ಕೇಳಿಬಿಟ್ಟಳು.

ಆರ್ಚಿ ಚಮಚವನ್ನು ಕೆಳಗಿಟ್ಟ. "ಇಲ್ಲಮ್ಮ. ನಮ್ಮ ಎಲ್ಸ್‌ಪೆತ್ ತೀರಿಹೋಗಿ ಐದು ವರ್ಷ ಆಯ್ತು. ಅಳಿಯ ಮಾತ್ರ ನನ್ನನ್ನ ಬಿಟ್ಟು ಹೋಗ್ಲಿಲ್ಲ. ಎಷ್ಟು ಓಡಿಸಿದ್ರೂ ಹೋಗೋದಿಲ್ಲ ಇವನು."

"ಮಾವನ ಗಂಜಿ ರುಚಿ ಹಾಗಿದೆ, ಏನ್ ಮಾಡ್ಲಿ," ಎಂದ ಫರ್ಗಸ್.

"ಗಂಜಿಗೆ ಉಪ್ಪು ಹಾಕ್ತೀರೋ, ಸಕ್ಕರೆನೋ?" ನೆಟ್ಟಾ ಚಿಕ್ಕಮ್ಮ ಹುಬ್ಬು ಗಂಟಿಕ್ಕಿದಳು.

"ಉಪ್ಪು. ಸಕ್ಕರೆ ಹಾಕೋರು ಮನುಷ್ಯರಾ?"

"ನಾನು ಹಾಕ್ತೀನಿ."

ಇಬ್ಬರು ಹಿರಿಯರ ಜಗಳ ಅಲ್ಲಿಗೆ ಶುರುವಾಯಿತು. ಅದರ ಮರೆಯಲ್ಲಿ ಇನ್ನಿಬ್ಬರಿಗೆ ಮಾತಿಗೆ ದಾರಿ ಸಿಕ್ಕಿತು.

ಫರ್ಗಸ್ ಓಬನ್ ಊರಿನವನು. ದ್ವೀಪಗಳಿಗೆ ಹೋಗುವ ಫೆರಿಯಲ್ಲಿ ಕೆಲಸ.

"ಹಡಗಿನ ಕೆಲಸದಿಂದ ರಜೆ ಸಿಕ್ಕಿದ್ರೆ ಮತ್ತೆ ಹಡಗನ್ನೇ ಹತ್ತೋದಾ?" ಐಲ್ಸಾ ಕಿಚಾಯಿಸಿದಳು.

"ಇಪ್ಪತ್ತು ವರ್ಷ ನೀರಿನ ಮೇಲೇ ಊಟ ಮಾಡಿದ್ದೀನಿ, ಎಲ್ಲಾ ನಿಂತುಕೊಂಡೇ. ಒಂದು ಕೈಯಲ್ಲಿ ಬ್ರೆಡ್, ಇನ್ನೊಂದು ಕೈಯಲ್ಲಿ ಹಗ್ಗ. ಒಂದ್ಸಲ ಕೂತು ಉಣ್ಣೋಣ ಅಂತ ಬಂದೆ."

ಡಂಡೀ ಊರಿನಲ್ಲಿ ಐಲ್ಸಾ ಹಲ್ಲಿನ ಡಾಕ್ಟರ ಬಳಿ ನರ್ಸ್. ಹಾಸಿಗೆ ಹಿಡಿದ ಅಪ್ಪನಿಗೆ ತುತ್ತು ತಿನ್ನಿಸಿ, ತಾನು ಸಿಂಕ್ ಪಕ್ಕದಲ್ಲಿ ನಿಂತು ಉಳಿದದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ ವರ್ಷಗಳು ನೆನಪಾದವು. ಕಳೆದ ಚಳಿಗಾಲದಲ್ಲಿ ಅಪ್ಪ ಹೋದರು. ನಿಂತು ಉಣ್ಣುವ ಅಭ್ಯಾಸ ಮಾತ್ರ ಹೋಗಿರಲಿಲ್ಲ.

"ನಾನೂ ಹಾಗೇ," ಎಂದಳು. ಯಾಕೆ ಎಂದು ಅವನು ಕೇಳಲಿಲ್ಲ. ಅವಳ ಮುಖವನ್ನೇ ಒಂದು ಗಳಿಗೆ ನೋಡಿ, ಬ್ರೆಡ್ಡಿನ ಬುಟ್ಟಿಯನ್ನು ಅವಳ ಕಡೆ ಸರಿಸಿದ. ಅವನ ಕಣ್ಣುಗಳ ಬಣ್ಣ ನೀಲಿಯೋ ಬೂದಿಯೋ ಎಂದು ತೀರ್ಮಾನಿಸಲು ಐಲ್ಸಾಗೆ ಒಂದು ಊಟ ಸಾಲದಾಯಿತು.

ಆದರೆ ಉಳಿದ ಊಟಗಳು? ಹಡಗಿನ ಕಟ್ಟಳೆ ಬೇರೆಯೇ ಇತ್ತು. ಎರಡು ಊಟದ ಹಾಲ್, ಒಂದೊಂದರಲ್ಲಿ ಎರಡೆರಡು ಪಂಕ್ತಿ. ಬೆಳಿಗ್ಗೆ ಕ್ಯೂ ನಿಂತು ಯಾವ ಹಾಲ್, ಯಾವ ಪಂಕ್ತಿ ಎಂದು ಬುಕ್ ಮಾಡಿಬಿಡಬೇಕು. ಆಮೇಲೆ ನಾರ್ವೆಗೆ ಹೋಗಿ ಊರಿಗೆ ಮರಳುವವರೆಗೆ ದಿನವೂ ಅದೇ ಟೇಬಲ್, ಅದೇ ಮುಖಗಳು. ಹಗಲೆಲ್ಲ ಒಬ್ಬೊಬ್ಬರು ಒಂದೊಂದು ಕಡೆ ತಿರುಗಿದರೂ ಹಡಗಿನಲ್ಲಿ ಸ್ನೇಹ ಕುದುರುವುದು ರಾತ್ರಿಯ ಊಟದಲ್ಲೇ.

"ನೀವು ಯಾವ ಪಂಕ್ತಿ?" ಐಲ್ಸಾ ತುಂಬ ಹಗುರವಾಗಿ ಕೇಳಿದಳು.

"ನಮಗೆ ಯಾವುದಾದ್ರೂ ಆಗುತ್ತೆ. ನಿಮಗೆ?"

"ನಮಗೂ ಅಷ್ಟೇ, ಯಾವುದಾದ್ರೂ."

"ಹಾಗಲ್ಲ, ನಿಮಗೆ ಯಾವುದು ಅನುಕೂಲ ಹೇಳಿ."

"ಅಯ್ಯೋ, ನಮ್ಮದೇನಿದೆ? ನಿಮ್ಮ ಅನುಕೂಲ ನೋಡ್ಕೊಳ್ಳಿ."

ಸೂಪಿನ ತಟ್ಟೆ ಎತ್ತಲು ಬಂದ ವೇಟರ್ ರೊಮುಲೊ ಮೇಲೆ ನೋಡುತ್ತ ನಗು ತಡೆದುಕೊಂಡ. ಈ ಸ್ಕಾಟ್‌ಲ್ಯಾಂಡಿನವರ ಟೇಬಲ್‌ಗಳಲ್ಲಿ ಇದೇ ಮಾತು ಕೇಳಿ ಕೇಳಿ ಅವನಿಗೆ ರೂಢಿಯಾಗಿತ್ತು. ನಾಲ್ವರಲ್ಲಿ ಒಬ್ಬರಾದರೂ ಬಾಯಿಬಿಟ್ಟು ಇಂಥದ್ದು ಬೇಕು ಎನ್ನಲಿಲ್ಲ. ಹಾಗೆ ಕೇಳಿದರೆ ಮೈಮೇಲೆ ಬಿದ್ದಂತೆ ಆಗುತ್ತದಲ್ಲ! ಮಾತಿನ ನಡುವೆ ಜಾರಿದ್ದು ಎರಡೇ ಸುಳಿವು. ಮಾವನಿಗೆ ಬೇಗ ಹಸಿವಾಗುತ್ತದೆ, ಗದ್ದಲ ಆಗದು ಎಂದು ಫರ್ಗಸ್ ಹೇಳಿದ್ದ. ಪಿಯಾನೋ ಕೇಳುತ್ತ ನಿಧಾನವಾಗಿ, ತಡವಾಗಿ ಉಣ್ಣುವುದೇ ಚೆಂದ ಎಂದು ನೆಟ್ಟಾ ಚಿಕ್ಕಮ್ಮ ಅಂದಿದ್ದಳು.

ಐಲ್ಸಾ ಆ ಮೊದಲ ಸುಳಿವನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಬೆಳಿಗ್ಗೆ ಚಿಕ್ಕಮ್ಮ ಏಳುವ ಮೊದಲೇ ಅವಳು ಮೇಲಿನ ಚಿಕ್ಕ ಹಾಲ್‌ನ ಬಾಗಿಲಲ್ಲಿದ್ದಳು. ಅಲ್ಲಿ ಪಿಯಾನೋ ಇರಲಿಲ್ಲ, ಸುತ್ತ ಕಿಟಕಿಗಳು, ಹೊರಗೆ ಬರೀ ನೀರು. ಮ್ಯಾನೇಜರ್ ಬೆನೆಡಿಕ್ಟಾ ಕೇಳಿದಳು, "ಎಷ್ಟು ಜನ?"

ಇಬ್ಬರು ಎನ್ನಬೇಕಿತ್ತು. "ನಾಲ್ಕು," ಎಂದಿತು ಐಲ್ಸಾಳ ನಾಲಿಗೆ. "ಮೊದಲನೇ ಪಂಕ್ತಿ. ಕಿಟಕಿ ಪಕ್ಕ."

"ಇನ್ನಿಬ್ಬರ ಕ್ಯಾಬಿನ್ ನಂಬರ್?"

"ಅವರು... ಬರ್ತಾರೆ."

ಕಿವಿ ಬಿಸಿಯಾಯಿತು. ಹೊರಗೆ ಬಂದು ಕಾರಿಡಾರ್‌ನಲ್ಲಿ ಒಬ್ಬಳೇ ನಕ್ಕಳು. ನಲವತ್ತೊಂದನೇ ವಯಸ್ಸಿನಲ್ಲಿ ಕುರ್ಚಿ ಕದ್ದೆನಲ್ಲ! ಅವನು ಮಾವನನ್ನು ಕರೆದುಕೊಂಡು ಬಂದಾಗ, "ಓ, ಇಲ್ಲಿ ಎರಡು ಖಾಲಿ ಇದೆ, ಬನ್ನಿ," ಎಂದರಾಯಿತು. ಏನೂ ಗೊತ್ತಿಲ್ಲದಂತೆ.

ಮಧ್ಯಾಹ್ನ ಡೆಕ್‌ನಲ್ಲಿ ಫರ್ಗಸ್ ಎದುರಾದ. ಅವನ ಮುಖದಲ್ಲೂ ಏನೋ ಬಚ್ಚಿಟ್ಟ ಖುಷಿ.

"ರಾತ್ರಿ ಸಿಗೋಣ," ಎಂದ.

"ಸಿಗೋಣ," ಎಂದಳು. ಇಬ್ಬರೂ ಎಲ್ಲಿ ಎನ್ನಲಿಲ್ಲ. ಕೇಳುವ ಅಗತ್ಯ ಯಾರಿಗೆ ತಾನೇ ಕಂಡಿತ್ತು?

ಸಂಜೆ ಅವಳು ಹಸಿರು ಉಡುಪು ಹಾಕಿಕೊಂಡಳು. ಬೇಡ ಎಂದು ಬಿಚ್ಚಿದಳು. ಮತ್ತೆ ಅದನ್ನೇ ಹಾಕಿಕೊಂಡಳು.

"ಪುಟ್ಟಿ, ನಾವು ಊಟಕ್ಕೆ ಹೋಗ್ತಿರೋದಾ, ಮದುವೆಗಾ?" ಚಿಕ್ಕಮ್ಮ ಕಾಲು ಒತ್ತಿಕೊಳ್ಳುತ್ತ ಕೇಳಿದಳು. "ಅದೂ ಇಷ್ಟು ಬೇಗ? ಪಿಯಾನೋ ಇಲ್ಲದ ಕಡೆ?"

"ಒಂದಿನ ಸುಮ್ನೆ ಬಾ ಚಿಕ್ಕಮ್ಮ."

ಪಂಕ್ತಿ ಶುರುವಾಯಿತು. ಟೇಬಲ್‌ಗಳು ತುಂಬಿದವು. ಪ್ರತಿ ಸಲ ಬಾಗಿಲು ತೆರೆದಾಗಲೂ ಐಲ್ಸಾಳ ಬೆನ್ನು ನೆಟ್ಟಗಾಗುತ್ತಿತ್ತು. ಸೂಪ್ ಬಂತು, ಆರಿತು. ಮೀನು ಬಂತು. ಎದುರಿನ ಎರಡು ಕುರ್ಚಿ ಹಾಗೇ ಇದ್ದವು.

ಬೆನೆಡಿಕ್ಟಾ ಬಗ್ಗಿ ಮೆಲ್ಲಗೆ ಹೇಳಿದಳು, "ಮೇಡಂ, ಹೊರಗೆ ಒಂದು ಜೋಡಿ ಕಾಯ್ತಿದೆ. ಈ ಜಾಗ ಇವತ್ತು ಕೊಟ್ಟರೆ ಕೊನೇ ದಿನದವರೆಗೂ ಅವರದ್ದೇ. ಕೊಡ್ಲಾ?"

ಕೊಟ್ಟರೆ ಉಳಿದ ರಾತ್ರಿಗಳಿಗೆ ಎದುರಿಗೆ ಬೇರೆ ಯಾರದೋ ಮುಖ. ಕೊಡದಿದ್ದರೆ ಖಾಲಿ ಕುರ್ಚಿಗೆ ಕಾವಲು ಕೂತ ಮರುಳಿ ಎನ್ನಿಸಿಕೊಳ್ಳಬೇಕು. ಅವನಿಗೆ ಬೇಡವಾಗಿಯೇ ಬಂದಿಲ್ಲವೇನೋ. 'ರಾತ್ರಿ ಸಿಗೋಣ' ಎನ್ನುವುದು ಎಲ್ಲರೂ ಎಲ್ಲರಿಗೂ ಹೇಳುವ ಮಾತೇ ಅಲ್ಲವೇ?

"ಸ್ವಲ್ಪ ಹೊತ್ತು ತಡೀರಿ," ಎಂದಳು.

ಪುಡಿಂಗ್ ಒಂದು ಬಿಟ್ಟು ಊಟ ಮುಗಿಯಿತು. ಅವರು ಬರಲಿಲ್ಲ. ಎರಡನೇ ಪಂಕ್ತಿಯ ಗಂಟೆ ಹೊಡೆಯಿತು.

ನೆಟ್ಟಾ ಚಿಕ್ಕಮ್ಮ ನ್ಯಾಪ್ಕಿನ್ ಮಡಚಿಟ್ಟಳು. ಯಾವಾಗಲೂ ಗದರುವವಳು ಈಗ ಐಲ್ಸಾಳ ಕೈಮೇಲೆ ಕೈಯಿಟ್ಟು, "ನಿನ್ನಪ್ಪನಿಗೆ ನೀನು ಅಷ್ಟು ವರ್ಷ ಏನು ಬೇಕು ಏನು ಬೇಕು ಅಂತ ಕೇಳಿದೆ. ನಿನಗೆ ಏನು ಬೇಕು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ," ಎಂದಳು. "ಹೋಗು. ಇಲ್ಲ ಅಂದ್ರೆ ಇಲ್ಲ ಅಂತ ಅವನ ಬಾಯಲ್ಲೇ ಕೇಳ್ಕೊಂಡು ಬಾ. ನಾನು ಇಲ್ಲಿ ಪುಡಿಂಗ್‌ಗೆ ಕಾಯ್ತೀನಿ."

ಐಲ್ಸಾ ಮೆಟ್ಟಿಲಿಳಿದಳು. ಹಡಗು ಸಣ್ಣಗೆ ತೂಗುತ್ತಿತ್ತು. ಎದೆ ಅದಕ್ಕಿಂತ ಜೋರಾಗಿ.

ಕೆಳಗಿನ ಹಾಲ್‌ನಲ್ಲಿ ಪಿಯಾನೋ ನುಡಿಯುತ್ತಿತ್ತು. ಅದರ ಪಕ್ಕದಲ್ಲೇ ನಾಲ್ಕು ಕುರ್ಚಿಯ ಟೇಬಲ್. ಫರ್ಗಸ್ ಟೈ ಕಟ್ಟಿಕೊಂಡು ಎದ್ದು ನಿಂತಿದ್ದ, ಎರಡೂ ಕೈಯಲ್ಲಿ ಒಂದೊಂದು ಖಾಲಿ ಕುರ್ಚಿಯ ಬೆನ್ನು ಬಿಗಿ ಹಿಡಿದುಕೊಂಡು. ಎದುರಿಗೆ ರೊಮುಲೊ.

"ಸರ್, ಬೇರೆಯವರು ಕೇಳ್ತಿದ್ದಾರೆ..."

"ಬರ್ತಾರೆ ಅಂದ್ನಲ್ಲ. ಅವರ ಚಿಕ್ಕಮ್ಮನಿಗೆ ಪಿಯಾನೋ ಇಷ್ಟ. ಬಂದೇ ಬರ್ತಾರೆ."

"ಬರ್ತಾರೋ ಇಲ್ವೋ, ನನ್ನ ಪ್ರಾಣ ಹೋಗುತ್ತೆ," ಆರ್ಚಿ ಗೊಣಗಿದ. "ಏ ಮಗಾ, ನಾನು ದಿನಾ ಈ ಹೊತ್ತಿಗೆ ಮಲಗಿರ್ತೀನಿ. ಆ ಹುಡುಗಿಗೋಸ್ಕರ ನನ್ನನ್ನ ಉಪವಾಸ ಕೆಡವಿದ್ದೀಯಲ್ಲೋ."

ಐಲ್ಸಾ ಬಾಗಿಲಲ್ಲೇ ನಿಂತುಬಿಟ್ಟಳು. ನಗು ಬಂತು, ಅದರ ಹಿಂದೆಯೇ ಕಣ್ಣು ತುಂಬಿತು. ಫರ್ಗಸ್ ತಲೆಯೆತ್ತಿದ. ಅವಳನ್ನು ಕಂಡ ಆ ಕ್ಷಣದಲ್ಲಿ ಅವನ ಮುಖ ಹೇಗೆ ಬೆಳಗಿತೆಂದರೆ, ಪಿಯಾನೋದವನು ಕೂಡ ಒಂದು ಸ್ವರ ತಪ್ಪಿಸಿ ತಿರುಗಿ ನೋಡಿದ.

"ತಡ ಆಯ್ತಾ?" ಎಂದಳು ಹತ್ತಿರ ಬಂದು.

"ಇಲ್ಲ ಇಲ್ಲ, ಈಗಷ್ಟೇ ಶುರು. ಚಿಕ್ಕಮ್ಮ ಎಲ್ಲಿ?"

"ಮೇಲೆ. ಊಟ ಮಾಡಿ ಪುಡಿಂಗ್‌ಗೆ ಕಾಯ್ತಿದ್ದಾರೆ. ನನ್ನದೂ ಊಟ ಆಯ್ತು, ಫರ್ಗಸ್. ನಿಮ್ಮ ಮಾವನಿಗೆ ಬೇಗ ಹಸಿವಾಗುತ್ತೆ ಅಂತ ಮೇಲಿನ ಹಾಲ್‌ನಲ್ಲಿ ಮೊದಲನೇ ಪಂಕ್ತಿಗೆ ಬುಕ್ ಮಾಡಿ ಕೂತಿದ್ದೆ. ನಾಲ್ಕು ಕುರ್ಚಿ."

ಅವನು ಕತ್ತಿನಿಂದ ಕಿವಿಯವರೆಗೆ ಕೆಂಪಾದ. ಆರ್ಚಿ ಮಾತ್ರ ಟೇಬಲ್ ಬಡಿದ. "ಅಂದ್ರೆ ಮೇಲೆ ನನ್ನ ಹೆಸರಲ್ಲಿ ಒಂದು ಊಟ ಸುಮ್ನೆ ಹಾಳಾಯ್ತಾ!"

ಅಷ್ಟರಲ್ಲಿ ಬೆನೆಡಿಕ್ಟಾ ಮೇಲಿನಿಂದ ಹುಡುಕಿಕೊಂಡು ಬಂದಳು. ರೊಮುಲೊ ಅವಳ ಕಿವಿಯಲ್ಲಿ ಏನೋ ಹೇಳಿದ. ಅವಳು ನಗಲಿಲ್ಲ, ನಗದಿರಲು ಕಷ್ಟಪಟ್ಟಳು. "ಎರಡು ಹಾಲ್‌ನಲ್ಲಿ ನಾಲ್ಕು ನಾಲ್ಕು ಕುರ್ಚಿ ಇಟ್ಕೊಳ್ಳೋಕೆ ಆಗಲ್ಲ. ಒಂದು ಬಿಟ್ಟುಕೊಡಿ. ಈಗಲೇ ಹೇಳಬೇಕು. ಯಾವುದು ಬೇಕು?"

ಫರ್ಗಸ್ ಐಲ್ಸಾಳ ಕಡೆ ನೋಡಿದ. ನಿಮಗೆ ಹೇಗೆ ಅನುಕೂಲವೋ ಎಂಬ ಮಾತು ಅವನ ತುಟಿಯ ತನಕ ಬಂದದ್ದು ಅವಳಿಗೆ ಕಂಡಿತು. ಅದು ಹೊರಬರುವ ಮೊದಲೇ ಅವಳು ಅವನು ಹಿಡಿದಿದ್ದ ಕುರ್ಚಿಯನ್ನು ಎಳೆದುಕೊಂಡು ಕೂತಳು.

"ನನಗೆ ಇವರ ಜೊತೆ ಊಟ ಮಾಡಬೇಕು," ಎಂದಳು ಬೆನೆಡಿಕ್ಟಾಗೆ, ಅವನನ್ನೇ ನೋಡುತ್ತ. "ದಿನಾ. ಮೇಲಾದ್ರೆ ಮೇಲೆ, ಕೆಳಗಾದ್ರೆ ಕೆಳಗೆ. ಅದನ್ನ ಕೇಳೋಕೆ ನಾಚಿಕೆಯಾಗಿ ಇಷ್ಟೆಲ್ಲ ಮಾಡಿದೆ. ಇನ್ನು ನಾಚಿಕೊಳ್ಳಲ್ಲ."

ಫರ್ಗಸ್ ನಿಧಾನವಾಗಿ ಅವಳ ಎದುರಿಗೆ ಕೂತ. "ನಾನು ಐದು ವರ್ಷದಿಂದ ಯಾರಿಗೂ ಕುರ್ಚಿ ಹಿಡಿದಿಟ್ಟಿರಲಿಲ್ಲ, ಐಲ್ಸಾ," ಎಂದ.

ಆರ್ಚಿ ಅಳಿಯನ ಭುಜ ಹಿಡಿದು ಎದ್ದು, ಆ ಭುಜವನ್ನು ಒಂದು ಗಳಿಗೆ ಬಿಡದೆ ನಿಂತ. "ನಾಳೆಯಿಂದ ಮೇಲೆ ಎರಡು ಕುರ್ಚಿ, ಮೊದಲನೇ ಪಂಕ್ತಿ, ನನಗೂ ಆ ಸಕ್ಕರೆ ಹೆಂಗಸಿಗೂ," ಎಂದ ಬೆನೆಡಿಕ್ಟಾಗೆ. "ಗಂಜಿ ಜಗಳ ಇನ್ನೂ ಬಾಕಿ ಇದೆ. ಕೆಳಗೆ ಎರಡು ಕುರ್ಚಿ ಇವರಿಗೆ. ಉಳಿದದ್ದನ್ನ ಯಾರಿಗಾದ್ರೂ ಕೊಡಿ." ಆಮೇಲೆ ಐಲ್ಸಾಳ ಕಡೆ ಬಗ್ಗಿದ. "ಇವನಿಗೆ ಬಟಾಣಿ ಆಗಲ್ಲ ಮಗಳೇ, ತಟ್ಟೆ ಅಂಚಿಗೆ ಸರಿಸ್ತಾನೆ. ಬೈದೂ ಬೈದೂ ಎಲ್ಸ್‌ಪೆತ್‌ಗೆ ಸಾಕಾಗಿತ್ತು. ನೀನು ಬೈ."

ಮುದುಕ ತನ್ನ ಬ್ರೆಡ್ಡನ್ನು ಎತ್ತಿಕೊಂಡು ಮೆಟ್ಟಿಲ ಕಡೆ ನಡೆದ.

ರೊಮುಲೊ ಮೀನಿನ ಸೂಪ್ ತಂದಿಟ್ಟ. ಹೊಟ್ಟೆಯಲ್ಲಿ ಒಂದಿಷ್ಟೂ ಜಾಗವಿಲ್ಲದಿದ್ದರೂ ಐಲ್ಸಾ ಚಮಚ ಎತ್ತಿದಳು.

"ಊರು ಮುಟ್ಟಿದ ಮೇಲೆ?" ಎಂದು ಕೇಳಿದಳು.

"ಓಬನ್‌ನಲ್ಲಿ ನಮ್ಮ ಅಡುಗೆಮನೆ ತುಂಬ ಚಿಕ್ಕದು," ಎಂದ ಫರ್ಗಸ್. "ಒಂದೇ ಟೇಬಲ್. ಕಿಟಕಿಯಿಂದ ಫೆರಿ ಬರೋದು ಕಾಣುತ್ತೆ. ಬರ್ತೀರಾ?"

"ಬರ್ತೀನಿ."

ಅವನು ಕೈ ಚಾಚಿದ. ಉಪ್ಪಿನ ಡಬ್ಬಿ, ಬ್ರೆಡ್ಡಿನ ಬುಟ್ಟಿ ಎಲ್ಲವನ್ನೂ ದಾಟಿ ಬಂದ ಆ ಒರಟು ಕೈಯನ್ನು ಅವಳು ಹಿಡಿದುಕೊಂಡಳು. ಆಗ ಇಷ್ಟು ಹತ್ತಿರದಿಂದ ಅವಳಿಗೆ ಸ್ಪಷ್ಟವಾಗಿ ಕಂಡಿತು, ಅವನ ಕಣ್ಣು ಬೂದಿ ಬಣ್ಣದ್ದೇ.