ಗೆರಟೆ ತುಂಬುವ ತನಕ

ಮಳೆ ಬಿಟ್ಟು, ಕುಂಬ್ರದ ಗುಡ್ಡಗಳಲ್ಲಿ ರಬ್ಬರ್ ಟ್ಯಾಪಿಂಗ್ ಜೋರಾಗಿತ್ತು. ಬೆಳಗಿನ ಆರು ಗಂಟೆ. ಹಣೆಗೆ ಲೈಟು ಕಟ್ಟಿಕೊಂಡ ಫಯಾಝ್ ಮರದಿಂದ ಮರಕ್ಕೆ ನಡೆಯುತ್ತ, ತೊಗಟೆಯನ್ನು ಓರೆಯಾಗಿ ಗೀರಿ, ಕೆಳಗೆ ಹಾಲು ಹಿಡಿಯುವ ತೆಂಗಿನ ಗೆರಟೆ ಸರಿಪಡಿಸುತ್ತ ಬರುತ್ತಿದ್ದ. ತಿರುವಿನಲ್ಲಿ ತಲೆ ಎತ್ತಿದರೆ, ಎದುರಿಗೆ ಫೋಟೋದಲ್ಲಿ ಮಾತ್ರ ನೋಡಿದ್ದ ನಶೀದಾ!

ಬೆಳಕು ಕಣ್ಣಿಗೆ ಹೊಡೆದು ಅವಳು ಕೈ ಅಡ್ಡ ಹಿಡಿದಳು. ಅವನು ಗಡಿಬಿಡಿಯಲ್ಲಿ ಲೈಟು ಆರಿಸಿದ.

"ನನ್ನ ಕವನ ಓದಿ ಬೇಡ ಅಂದ ಟೀಚರ್ ನೀವೇ ಅಲ್ವಾ?"

ಅವಳು ಬೇಡ ಅಂದದ್ದು ನಿಜ.

ನಶೀದಾ ಪುತ್ತೂರು ಪೇಟೆಯಲ್ಲಿ ಕನ್ನಡ ಕಲಿಸುವವಳು. ಹದಿನೈದು ದಿನದ ಹಿಂದೆ ಮೈಮೂನಮ್ಮ ಮಾಮಿ ಈ ಸಂಬಂಧ ತಂದಿದ್ದರು. ಹುಡುಗ ಏಳು ವರ್ಷ ದುಬೈಯ ಅಂಗಡಿಯಲ್ಲಿದ್ದು, ಈಗ ಮನೆಯ ತೋಟದಲ್ಲಿ ತಾನೇ ಟ್ಯಾಪಿಂಗ್ ಮಾಡುತ್ತಾನೆ ಎಂದಿದ್ದರು. ಫೋಟೋ ಕೇಳಿದರೆ ಅವನು ಕಳಿಸಿದ್ದು ನಾಲ್ಕು ಸಾಲು.

ಮುನ್ನೂರು ಮರ ಗೀರಿ ಬಂದೆ,
ಕಲ್ಲಿನ ಮೇಲೆ ಕೂತೆ.
ಗೆರಟೆ ತುಂಬುವ ತನಕ
ನಾನು ಯಾರಿಗೂ ಬೇಡ.

ಹತ್ತನೇ ಕ್ಲಾಸಿನ ಮಕ್ಕಳಿಗೆ ಹೇಳಿದ ಹಾಗೆಯೇ ಅವಳು ಮಾಮಿಗೆ ಭಾವಾರ್ಥ ಬಿಡಿಸಿದ್ದಳು. ಗೀರುವುದು ಎಂದರೆ ಗಾಯ, ಗೆರಟೆಗೆ ಇಳಿಯುವ ಹಾಲು ಎಂದರೆ ಮರದ ಕಣ್ಣೀರು, ಕಲ್ಲು ಎಂದರೆ ಒಂಟಿತನ. ತನಗೆ ನಗುವವರು ಬೇಕು, ಬದುಕೇ ಬೇಸರವಾದವರು ಬೇಡ ಎಂದಿದ್ದಳು. ಮಾಮಿ ಅದನ್ನು ಒಂದಕ್ಷರ ಬಿಡದೆ ಈ ಗುಡ್ಡಕ್ಕೆ ತಲುಪಿಸಿದ್ದರು.

ಆದರೆ ಆ ಸಾಲುಗಳು ಅವಳನ್ನು ಬಿಟ್ಟಿರಲಿಲ್ಲ. ಉತ್ತರಪತ್ರಿಕೆ ತಿದ್ದುವಾಗಲೂ ನಾಲಗೆಯ ತುದಿಯಲ್ಲಿ ಅವೇ. ದುಃಖದ ಮಾತು ಇಷ್ಟು ಹಗುರವಾಗಿ ಇರುತ್ತದೆಯೇ? ನಾನೇ ತಪ್ಪಿದೆನಾ...? ಅದಕ್ಕೇ ಅವನು ತೋಟದಲ್ಲಿರುವ ಹೊತ್ತಿಗೇ, ಭಾನುವಾರದ ನೆಪದಲ್ಲಿ ಮಾಮಿಯ ಜೊತೆ ಬಂದಿದ್ದಳು. ಮಾಮಿ ಕೆಳಗೆ ಅಂಗಳದಲ್ಲಿ ಫಯಾಝನ ತಾಯಿ ಝುಬೈದಾರ ಜೊತೆ ಮಾತಿಗೆ ನಿಂತಿದ್ದರು.

ಫಯಾಝ್ ವಾದಕ್ಕೆ ಇಳಿಯಲಿಲ್ಲ. "ಇನ್ನು ಹತ್ತು ಮರ ಉಂಟು. ಅಗೋ ಆ ಕಲ್ಲು, ಕೂತ್ಕೊಳ್ಳಿ."

ಅವಳು ಕೂತಳು. ಅವನು ಕೆಲಸ ಮುಗಿಸಿ ಬಂದು, ಫ್ಲಾಸ್ಕಿನ ಮುಚ್ಚಳಕ್ಕೆ ಕಪ್ಪು ಚಹಾ ಬಗ್ಗಿಸಿ ಅವಳ ಕೈಗಿತ್ತು, ಕಲ್ಲಿನ ಆಚೆ ತುದಿಯಲ್ಲಿ ಕೂತ.

"ಈಗ ಎಂತ ಮಾಡುದು?" ಅವಳು ಕೇಳಿದಳು.

"ಎಂತದೂ ಇಲ್ಲ. ಹಾಲು ಇಳಿಯುವಾಗ ಅವಸರ ಮಾಡಿದ್ರೆ ಗೆರಟೆ ತುಂಬುದಿಲ್ಲ. ಕೂತ್ಕೊಳ್ಳುದೇ ಕೆಲಸ."

ಅವನು ಇನ್ನೇನಾದರೂ ಹೇಳಿಯಾನು ಎಂದು ಅವಳು ಕಾದಳು. ಅವನು ಹೇಳಲಿಲ್ಲ. ಮೊದಲು ಆ ಮೌನ ಚುಚ್ಚಿತು. ಆಮೇಲೆ ಅದರೊಳಗೆ ಟಪ್... ಟಪ್... ಎಂಬ ಸದ್ದು ಕೇಳಿಸಿತು. ಒಂದು ಮರದಿಂದ, ಇನ್ನೊಂದರಿಂದ, ಗುಡ್ಡದ ತುಂಬ. ಎಲೆಗಳ ಸಂದಿಯಿಂದ ಬಿಸಿಲು ಇಳಿಯಿತು. ಅವಳ ಚಪ್ಪಲಿಯ ಪಕ್ಕದಲ್ಲೇ ಒಂದು ಇರುವೆ ತನಗಿಂತ ದೊಡ್ಡ ರೆಕ್ಕೆಯೊಂದನ್ನು ಎಳೆಯುತ್ತಿತ್ತು. ಅದು ಮೂರನೇ ಸಲ ಮಗುಚಿ ಬಿದ್ದಾಗ ಇಬ್ಬರೂ ಒಟ್ಟಿಗೇ ನಕ್ಕುಬಿಟ್ಟರು.

ಅಯ್ಯೋ... ಈ ಮನುಷ್ಯ ನಗುತ್ತಾನೆ!

"ಅಂಗಡಿಯಲ್ಲಿ ಏಳು ವರ್ಷ ಯಾರಾದ್ರೂ ಕರೀತಾನೇ ಇದ್ರು," ಅವನು ಮೆಲ್ಲಗೆ ಹೇಳಿದ. "ಇಲ್ಲಿ ಒಂದೂವರೆ ಗಂಟೆ ಯಾರೂ ಕರೆಯುದಿಲ್ಲ. ಖುಷಿ ಹೆಚ್ಚಾಗಿ ಬರ್ದದ್ದು. ನೀವು ಅದ್ರಲ್ಲಿ ಕಣ್ಣೀರು ಕಂಡ್ರಿ."

ನಶೀದಾ ತಲೆ ತಗ್ಗಿಸಿದಳು. ಎಷ್ಟೋ ವರ್ಷದಿಂದ ಭಾವಾರ್ಥ ಹೇಳಿಕೊಡುತ್ತಿದ್ದವಳು ಒಮ್ಮೆಯೂ ಹೀಗೆ ಕಲ್ಲಿನ ಮೇಲೆ ಕೂತಿರಲಿಲ್ಲ.

"ನನಗೆ ಸೊನ್ನೆ ಮಾರ್ಕು," ಎಂದಳು.

"ಮಾರ್ಕು ಬೇಡ. ಬೇಡ ಅಂದ ಉತ್ತರ ತಿದ್ಲಿಕ್ಕೆ ಬಾಕಿ ಉಂಟಲ್ಲ, ಟೀಚರ್."

ಕೆಳಗಿನಿಂದ ಮಾಮಿ ಕೂಗಿದರು. ಅವಳು ಓಗೊಡಲಿಲ್ಲ, ಏಳಲೂ ಇಲ್ಲ. ಚಹಾದಲ್ಲಿ ಅರ್ಧ ಕುಡಿದು, ಮುಚ್ಚಳವನ್ನು ಅವನತ್ತ ಸರಿಸಿದಳು.

"ಕೊನೇ ಸಾಲು ಮಾತ್ರ ತಪ್ಪು, ತಿದ್ದಬೇಕು," ಎಂದಳು. "ನೀವು ಒಬ್ಬರಿಗೆ ಬೇಕು."

ಅವನು ಉಳಿದ ಚಹಾ ಒಂದೇ ಗುಟುಕಿಗೆ ಕುಡಿದ.

"ತಿದ್ದುತ್ತೇನೆ... ಈಗಲೇ?"

"ಅವಸರ ಎಂತ? ಗೆರಟೆ ತುಂಬಲಿ."