ಅವಸರಿಯ ಉಸಿರು

"ಮಹಾರಾಣಿಯವರ ಸವಾರಿ ಇವತ್ತಾದ್ರೂ ಮೇಲೆ ಬರುತ್ತೋ, ಇಲ್ಲ ನಾನೇ ಇಳಿದು ಬಂದು ಎತ್ಕೊಂಡು ಹೋಗ್ಬೇಕೋ?"

ಮಹಡಿಯಿಂದ ಅತ್ತೆಯ ದನಿ ಕೇಳಿದಾಗ ಅವಸರಿ ಮೆಟ್ಟಿಲ ನಡುವೆ ಹತ್ತಿಯ ಮೂಟೆಯನ್ನು ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಹತ್ತಿಯ ಮೂಟೆ ಎಷ್ಟು ಭಾರವಿದ್ದೀತು? ಆದರೂ ಅರ್ಧ ಉಸಿರು ಒಳಗೆ ಹೋಗಿ, ಉಳಿದರ್ಧಕ್ಕಾಗಿ ಅವಳು ಬಾಯಿ ತೆರೆದು ಕಾಯುತ್ತಿದ್ದಳು. ಅವಸರಿ ಎನ್ನುವುದು ತವರಿನಲ್ಲಿ ಕರೆಯುತ್ತಿದ್ದ ಹೆಸರು. ಮೆಟ್ಟಿಲು ಹತ್ತುವುದರಲ್ಲಿ ಎಲ್ಲರಿಗಿಂತ ಹಿಂದೆ ಬೀಳುವವಳಿಗೆ ಇಂಥ ಹೆಸರು ಯಾಕೆ ಎಂದು ಗಂಡನ ಮನೆಯಲ್ಲಿ ನಗದವರಿಲ್ಲ.

ಆ ಮನೆಯ ಕೆಳಗೆ ಹಾಸಿಗೆ ಅಂಗಡಿ, ನಡುವಿನ ಮಹಡಿಯಲ್ಲಿ ಹತ್ತಿ ಹಿಂಜುವ ಯಂತ್ರ, ಅದರ ಮೇಲೆ ವಾಸ. ಯಂತ್ರ ತಿರುಗಿದರೆ ಕೋಣೆಯೆಲ್ಲ ಬಿಳಿ ಧೂಳು. ಎರಡು ವರ್ಷದಿಂದ ಆ ಧೂಳಿನಲ್ಲಿ ಕೂರುವ ಪಾಳಿ ಸೊಸೆಯದು. ಗಂಡ ಕೆಳಗೆ ಹಾಸಿಗೆ ಹೊಲಿಯುತ್ತಿದ್ದ. ತಾಯಿಯ ಮಾತು ಕಿವಿಗೆ ಬಿದ್ದರೂ ಸೂಜಿಯಿಂದ ತಲೆ ಎತ್ತುವ ಪೈಕಿಯವನಲ್ಲ, ಪುಣ್ಯಾತ್ಮ.

ಅಂದು ಮಗಳನ್ನು ನೋಡಲು ಬಂದಿದ್ದ ಅವಸರಿಯ ತಾಯಿ ಅಂಗಡಿಯ ಮೂಲೆಯಲ್ಲಿ ಮುದುಡಿ ಕೂತಿದ್ದಳು. ಅತ್ತೆ ಇಳಿದು ಬಂದವಳೇ ಅವಳನ್ನೂ ಬಿಡಲಿಲ್ಲ.

"ನಿಮ್ಮ ಮಗಳಿಗೆ ಹುಟ್ಟಿದಾಗಿನಿಂದ ನೆಗಡಿ ಕೂಡ ಬಂದಿಲ್ಲ ಅಂದಿದ್ರಲ್ಲ ಬೀಗಿತ್ತಿ? ನಮ್ಮ ಮನೆ ಮೆಟ್ಟಿಲು ಕಂಡ್ರೆ ಮಾತ್ರ ಎಲ್ಲಿಂದ ಬರುತ್ತೆ ಈ ಏದುಸಿರು? ಡಾಕ್ಟರು ಕೊಟ್ಟ ಇನ್ಹೇಲರ್ ಎಳೆದ್ರೂ ಹೋಗಲ್ಲ, ಸೋಮಾರಿತನಕ್ಕೆ ಮದ್ದೆಲ್ಲಿದೆ?"

ತಾಯಿ ತಲೆ ತಗ್ಗಿಸಿದಳು. ಅವಳ ಹೊಟ್ಟೆಯಲ್ಲಿ ಒಂದು ಮಾತು ಎಷ್ಟೋ ವರ್ಷದಿಂದ ಕೊಳೆಯುತ್ತಿತ್ತು. ಅದರ ಬಗ್ಗೆ ಮಗಳ ಹತ್ತಿರವೂ ಉಸಿರು ಬಿಟ್ಟಿರಲಿಲ್ಲ. ಈಗ ಹೇಳಿದರೆ ಮಗಳ ಸಂಸಾರ ಉಳಿಯುತ್ತದೆಯೇ? ಹೇಳದಿದ್ದರೆ ಮಗಳೇ ಉಳಿಯುತ್ತಾಳೆಯೇ...?

ಆ ಮಧ್ಯಾಹ್ನ ಯಂತ್ರದ ಮುಂದೆಯೇ ಅವಸರಿ ಕುಸಿದಳು. ತುಟಿ ನೀಲಿಗಟ್ಟಿತ್ತು. ಆಗ ಮಾತ್ರ ಗಂಡ ಸೂಜಿ ಬಿಸಾಡಿ ಓಡಿ ಬಂದ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು, ಚೇತರಿಸಿಕೊಂಡ ಮೇಲೆ ಉಸಿರಿನ ಬಲ ಅಳೆಯಲು ಕೊಳವೆಯೊಂದರಲ್ಲಿ ಊದಿಸಿದರು. ಮತ್ತೆ ಮತ್ತೆ ಊದಿಸಿದರು. ಡಾಕ್ಟರಮ್ಮ ಫಲಿತಾಂಶ ನೋಡಿ ಹುಬ್ಬು ಗಂಟಿಕ್ಕಿದಳು.

"ಎರಡು ವರ್ಷದಿಂದ ಆಸ್ತಮಾ ಅಂತ ಇನ್ಹೇಲರ್ ಕೊಟ್ಟಿದ್ದಾರೆ. ಏನೂ ಗುಣ ಕಂಡಿಲ್ಲ. ಇದು ಆಸ್ತಮಾ ಥರ ಕಾಣ್ತಿಲ್ಲ." ಅವಳು ತಾಯಿಯ ಕಡೆ ತಿರುಗಿದಳು. "ಅಮ್ಮಾ, ಇವರು ಹುಟ್ಟಿದಾಗ ತಿಂಗಳು ತುಂಬಿತ್ತಾ?"

ತಾಯಿಯ ಕಣ್ಣು ಬೀಗಿತ್ತಿಯ ಮುಖಕ್ಕೆ ಹೋಗಿ ಬಂತು.

"ತುಂ... ತುಂಬಿತ್ತು."

"ಸರಿಯಾಗಿ ನೆನಪು ಮಾಡ್ಕೊಳ್ಳಿ. ಇದರ ಮೇಲೇ ಮುಂದಿನ ಚಿಕಿತ್ಸೆ."

"ತುಂಬಿತ್ತು ಅಂದ್ನಲ್ಲ..."

ಹೆತ್ತ ಕರುಳು ಎನ್ನುತ್ತೇವೆ. ಆ ಕರುಳೂ ಹೆದರಿಕೆಗೆ ಸುಳ್ಳು ಹೇಳುತ್ತದೆ. ಮಂಚದ ಮೇಲಿದ್ದ ಅವಸರಿ ಕಣ್ಣು ಮುಚ್ಚಿದ್ದಳು. ಡಾಕ್ಟರಮ್ಮ ಪೆನ್ನು ಕೈಗೆತ್ತಿಕೊಂಡಳು. ಅಷ್ಟರಲ್ಲಿ ಅತ್ತೆ ಬಾಯಿ ಬಿಟ್ಟಳು. ದನಿಯಲ್ಲಿ ಎಂದಿನ ಖಾರ ಇರಲಿಲ್ಲ.

"ಬೀಗಿತ್ತಿ... ಇವಳನ್ನ ಅವಸರಿ ಅಂತ ಯಾಕೆ ಕರೀತೀರಿ?"

ತಾಯಿ ತುಟಿ ಕಚ್ಚಿದಳು.

"ಹೇಳಿ. ಯಾವುದಕ್ಕೆ ಅವಸರ ಮಾಡಿದ್ಲು ಇವಳು?"

ಕಟ್ಟೆಯೊಡೆದಂತೆ ತಾಯಿ ಅತ್ತುಬಿಟ್ಟಳು. "ಹುಟ್ಟೋದಕ್ಕೆ... ಏಳನೇ ತಿಂಗಳಿಗೇ ಬಂದುಬಿಟ್ಲು. ಅಂಗೈಯಷ್ಟಿದ್ಲು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೂಗಿಗೆ ನಳಿಗೆ ಹಾಕಿದ್ರು. ಬದುಕಲ್ಲ ಅಂದಿದ್ರು. ಆಮೇಲೆ ದುಂಡಗಾದ್ಲು, ಶಾಲೆಗೆ ಹೋದ್ಲು. ಎಲ್ಲ ಮುಗೀತು ಅಂದ್ಕೊಂಡೆ..."

"ತುಂಬಾ ಜನ ಹಾಗೇ ಅಂದ್ಕೋತಾರೆ," ಎಂದಳು ಡಾಕ್ಟರಮ್ಮ ಮೆಲ್ಲಗೆ. "ಇಷ್ಟು ಬೇಗ ಹುಟ್ಟಿದವರ ಶ್ವಾಸಕೋಶ ಇನ್ನೂ ಪೂರ್ತಿ ಬೆಳೆದಿರಲ್ಲ. ಕೆಲವರಿಗೆ ದೊಡ್ಡವರಾದ್ಮೇಲೂ ಆ ಕೊರತೆ ಉಳಿಯುತ್ತೆ. ದೊಡ್ಡವರಾದ್ಮೇಲೆ ಹುಟ್ಟಿನ ವಿಷಯ ಯಾರೂ ಕೇಳಲ್ಲ, ಯಾರೂ ಹೇಳಲ್ಲ. ಇದನ್ನ ಪೂರ್ತಿ ಸರಿ ಮಾಡೋಕಾಗಲ್ಲ. ಆದ್ರೆ ಇರೋದನ್ನ ಕಾಪಾಡಬಹುದು. ಧೂಳು, ಹೊಗೆ ಹತ್ತಿರ ಸುಳೀಬಾರದು. ಜ್ವರ, ಕೆಮ್ಮು ಬಂದ್ರೆ ಅಸಡ್ಡೆ ಮಾಡಬಾರದು. ಆಗಾಗ ಬಂದು ಊದಿ ಹೋಗ್ಬೇಕು."

ಮಂಚದಿಂದ ಸಣ್ಣ ದನಿ ಬಂತು.

"ಅಮ್ಮಾ... ಹಾಗಾದ್ರೆ ನಾನು ಸೋಮಾರಿ ಅಲ್ವಾ?"

ಶಾಲೆಯ ಆಟದ ಬಯಲಿನಿಂದ ಗಂಡನ ಮನೆಯ ಮೆಟ್ಟಿಲವರೆಗೆ ಜನ ಅಂದದ್ದನ್ನೆಲ್ಲ ಆ ಹುಡುಗಿ ನಂಬಿಕೊಂಡೇ ಬಂದಿದ್ದಳು. ಗಂಡ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಹೊರಗಿನ ಬೆಂಚಿನ ಮೇಲೆ ಬೀಗಿತ್ತಿಯರಿಬ್ಬರೇ ಕೂತಾಗ ಅತ್ತೆ ಸಿಡಿದಳು.

"ಒಂದು ಮಾತು ಹೇಳಿದ್ರೆ ಆ ಯಂತ್ರದ ಮುಂದೆ ಕೂರಿಸ್ತಿದ್ನಾ ನಾನು? ನಿಮ್ಮ ಸುಳ್ಳಿಗೆ ನನ್ನ ಕೈಯಲ್ಲಿ ಪಾಪ ಮಾಡಿಸಿದ್ರಿ."

"ಹೇಳಿದ್ರೆ ನನ್ನ ಮಗಳನ್ನ ಮನೆ ತುಂಬಿಸ್ಕೋತಿದ್ರಾ? ನಿಜ ಹೇಳಿ."



"ಇಲ್ಲ," ಎಂದಳು ಅತ್ತೆ. "ಒಪ್ತಿರಲಿಲ್ಲ." ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ನನ್ನ ಮೊದಲನೇದೂ ಏಳನೇ ತಿಂಗಳಿಗೇ ಬಂತು. ಮಗುಗೆ ಅವಸರ, ಅದಕ್ಕೇ ಬಂದುಬಿಡ್ತು ಅಂದ್ರು ಎಲ್ಲರೂ. ಸಂಜೆ ಹೊತ್ತಿಗೆ... ಹೋಗೋದಕ್ಕೂ ಅವಸರ ಮಾಡ್ತು. ನನ್ನ ಮಗನಿಗೂ ಹೇಳಿಲ್ಲ ಇದನ್ನ." ಅವಳು ಬೀಗಿತ್ತಿಯ ಕೈ ಹಿಡಿದಳು. "ನಿಮ್ಮದು ಉಳೀತು ಬೀಗಿತ್ತಿ. ಉಳಿದು ನಮ್ಮ ಮನೆಗೆ ಬಂತು. ನಾನು ಅದರ ಉಸಿರು ತೆಗೀತಾ ಕೂತಿದ್ದೆ."

ಸೊಸೆ ಮನೆಗೆ ಮರಳುವ ಮುಂಚೆಯೇ ಯಂತ್ರ ಹೊರಟುಹೋಗಿತ್ತು. ತನ್ನ ಗಂಡ ತೀರಿಕೊಂಡ ಮೇಲೆ ಅದೇ ಯಂತ್ರದ ಮುಂದೆ ಕೂತು ಮಗನನ್ನು ಸಾಕಿದವಳು ಅತ್ತೆ. ಮಾರುವಾಗ ಒಮ್ಮೆ ಅದರ ಹಿಡಿ ಸವರಿದಳಂತೆ, ಅಷ್ಟೇ. ಇನ್ನು ಹಿಂಜಿದ ಹತ್ತಿಯನ್ನೇ ಹೊರಗಿನಿಂದ ತಂದು, ಬೀದಿಯಾಚೆಯ ಕೊಟ್ಟಿಗೆಯಲ್ಲಿ ಹಾಸಿಗೆ ತುಂಬುವುದು. ಲಾಭ ಕಡಿಮೆಯಾದರೆ ಆಗಲಿ ಎಂದಳು.

ಮನೆ ಸೇರಲು ಮೆಟ್ಟಿಲಂತೂ ಹತ್ತಲೇಬೇಕು. ಅವಸರಿ ಅಭ್ಯಾಸಬಲದಿಂದ ಬೇಗಬೇಗ ಹೆಜ್ಜೆ ಇಡುತ್ತಿದ್ದಳು. ಯಾವಾಗಲೂ ಮೇಲೆ ನಿಂತು ಕೂಗುತ್ತಿದ್ದ ಅತ್ತೆ ಅಂದು ಅವಳ ಹಿಂದೆ ಬರುತ್ತಿದ್ದಳು. ನಡುಮೆಟ್ಟಿಲಿಗೆ ಬಂದಾಗ ಅತ್ತೆ ದೊಪ್ಪನೆ ಕೂತಳು.

"ಅಯ್ಯೋ, ನನ್ನ ಮಂಡಿ... ಬಾರೇ ಇಲ್ಲಿ, ಸ್ವಲ್ಪ ಕೂತ್ಕೊಂಡು ಹೋಗೋಣ."

ಹಿಂದೆ ಚೀಲ ಹಿಡಿದು ಬರುತ್ತಿದ್ದ ಮಗ ಕಕ್ಕಾಬಿಕ್ಕಿಯಾದ. "ನಿಂಗೆ ಯಾವಾಗಿಂದಮ್ಮ ಮಂಡಿ ನೋವು?"

"ಇವತ್ತಿಂದ. ಬಾಯಿ ಮುಚ್ಕೊಂಡು ನಿಂತ್ಕೋ."

ಅವಸರಿ ಅತ್ತೆಯ ಪಕ್ಕ ಕೂತಳು. ಅವಳ ಉಸಿರು ತಹಬಂದಿಗೆ ಬರುವವರೆಗೂ ಆ ಮಂಡಿ ನೋವು ಕಡಿಮೆಯಾಗಲಿಲ್ಲ.