ಕ್ಸೆನಾನ್ ಮಂಪರು ಇಳಿಯಲಿ

“ನೀವಾ...?”

ಅಭಿರಾಮಿಯ ಬಾಯಿಂದ ಅಷ್ಟೇ ಹೊರಟಿತು.

ದಿಂಡಿಗಲ್‌ನ ಆಸ್ಪತ್ರೆಯಲ್ಲಿ ಅವಳು ಕೆಲಸ ಮಾಡುವ ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ನಿಂತಿದ್ದವನು ವಿಮಲ್. ಅವಳ ಸೋದರತ್ತೆ ಮೂಕಮ್ಮಾಳ್ ಮಗ, ಚಿಕ್ಕಂದಿನಿಂದ ಅವಳು ‘ಮಾಮ’ ಎಂದೇ ಕರೆಯುತ್ತಿದ್ದವನು. ಎರಡು ವರ್ಷದ ಹಿಂದೆ ಅವಳ ಅಪ್ಪ ಒಯ್ದಿದ್ದ ನಿಶ್ಚಯದ ವೀಳ್ಯದ ತಟ್ಟೆಯನ್ನು ಕಾರಣವನ್ನೂ ಹೇಳದೆ ವಾಪಸ್ ಕಳಿಸಿದ್ದ ಮಹಾನುಭಾವ!

ಲೇಸರ್ ಓದಿದವಳು ತನ್ನ ದ್ರಾಕ್ಷಿ ತೋಟಕ್ಕೆ ಹೊಂದಲ್ಲ ಅಂತಿರಬೇಕು, ಎಂದು ಅವಳೇ ಅಂದುಕೊಂಡು ಅತ್ತಿದ್ದಳು. ಈಗ ಅಳುವುದಕ್ಕೂ ತ್ರಾಣವಿರಲಿಲ್ಲ ಬಿಡಿ.

ಮೂರು ದಿನದಿಂದ ಲೇಸರ್ ಹಟ ಹಿಡಿದಿತ್ತು. ಅದರ ಬಣ್ಣವನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ, ಗಾಜಿನೊಳಗಿನ ರುಬಿಡಿಯಂ ಆವಿ ಒಪ್ಪುವ ಕಡೆ ನಿಲ್ಲಿಸಬೇಕು. ಆಗಲೇ ಆ ಆವಿ ಬೆಳಕು ಹೀರಿ ಕ್ಸೆನಾನ್ ಅನಿಲವನ್ನು ಎಬ್ಬಿಸುತ್ತದೆ. ಎಚ್ಚೆತ್ತ ಅನಿಲವನ್ನು ಉಸಿರಲ್ಲಿ ಎಳೆದರೆ ಶ್ವಾಸಕೋಶ ಚಿತ್ರದಲ್ಲಿ ಬೆಳಗುತ್ತದೆ. ಇವತ್ತು ಹೇಗೋ ಒಂದು ಚೀಲ ತುಂಬಿತ್ತು. ತಡಮಾಡಿದರೆ ಅನಿಲ ಮತ್ತೆ ಸಪ್ಪೆ.

ಜಗಳಕ್ಕೆ ಪುರುಸೊತ್ತೆಲ್ಲಿ? ಮಲಗಿ ಎಂದು ಚೀಲದ ಕೊಳವೆಯನ್ನು ಅವನ ಬಾಯಿಗಿಟ್ಟು, ಹೊರಗೆ ಪರದೆಯ ಮುಂದೆ ಕೂತು ಮೈಕಿನಲ್ಲಿ ಹೇಳಿದಳು.

“ಎಳ್ಕೊಳ್ಳಿ... ಹಿಡ್ಕೊಳ್ಳಿ.”

ಹತ್ತು ಸೆಕೆಂಡು. ಅವಳೂ ಉಸಿರು ಹಿಡಿದಿದ್ದಳು.

ಪರದೆಯ ಮೇಲೆ ಎರಡೂ ಶ್ವಾಸಕೋಶ ಬೆಳಗಿದವು. ಬಲಗಡೆ ಕೆಳಗೆ ಮಾತ್ರ ಒಂದಿಷ್ಟು ಕತ್ತಲೆ. ಇದೇನಿದು, ಇವನಿಗೆ ನಿಜಕ್ಕೂ ಕಾಯಿಲೆಯಾ...? ಅವಳು ಒಳಗೆ ಓಡಿದಳು.

ಅವನ ಕಣ್ಣು ಅರೆಮುಚ್ಚಿತ್ತು. “ತೋಟಕ್ಕೆ ಹುಳ ಸಾಯೋ ಮರುಂದು ಹೊಡ್ದು ಹೊಡ್ದು ಎದೆ ಕಟ್ಕೊಂಡಿತ್ತು ಅಭಿ... ಹತ್ತು ಹೆಜ್ಜೆ ನಡಿಯಕ್ಕಾಗ್ತಿರ್ಲಿಲ್ಲ. ಇಂಥವನ್ನ ನಿನ್ನ ತಲೆಗೆ ಕಟ್ಟೋದು ಬೇಡಾಂತ ತಟ್ಟೆ ಕಳಿಸ್ದೆ. ನಿನ್ನ ಬೇಡ ಅಂದಿಲ್ಲ. ಯಾವತ್ತೂ ಅನ್ನಲ್ಲ.”

ಅವಳಿಗೆ ಸಿಟ್ಟು ಬಂತು, ಕಣ್ಣೂ ತುಂಬಿತು. ಒಂದು ಮಾತು ಹೇಳಬಾರದಿತ್ತಾ? ಅಷ್ಟರಲ್ಲಿ ನೆನಪಾಯಿತು... ಈ ಅನಿಲ ಎರಡು ನಿಮಿಷ ಮಂಪರು ತರಿಸುತ್ತದೆ. ಆಗ ಜನ ಏನೇನೋ ಮಾತಾಡುತ್ತಾರೆ. ಇದನ್ನು ನಂಬಿ ಇನ್ನೊಂದು ಸಲ ಮುರಿದುಬೀಳುವ ಶಕ್ತಿ ಅವಳಲ್ಲಿರಲಿಲ್ಲ.

“ಈಗ ಹೇಳಿದ್ದು ಲೆಕ್ಕಕ್ಕಿಲ್ಲ ಮಾಮ. ಮಂಪರು ಇಳೀಲಿ.”

ಸ್ಟೂಲ್ ಎಳೆದು ಕೂತಳು. ಚಿತ್ರ ನೋಡಿದ ಡಾಕ್ಟರ್ ಕಲೈಸೆಲ್ವಿ ಬಂದು, ಉಸಿರ ದಾರಿ ಕಟ್ಟಿದೆ, ಔಷಧಿ ಕೊಟ್ಟರೆ ತೆರೆದುಕೊಳ್ಳುತ್ತದೆ ಎಂದು ಹೇಳಿ ಹೋದರು. ಅಭಿರಾಮಿ ತಲೆಯಾಡಿಸಿದಳು, ಮನಸ್ಸಿನಲ್ಲಿ ಸೆಕೆಂಡು ಎಣಿಸುತ್ತಲೇ ಇದ್ದಳು.

ನೂರಾ ಇಪ್ಪತ್ತು.

“ತಲೆ ತಿರುಗ್ತಿದೆಯಾ?”

“ಇಲ್ಲ.”

“ಊರು?”

“ಕಾಮಯಗೌಂಡನ್‌ಪಟ್ಟಿ.”

“ಆಗ ಏನೋ ಅಂದ್ರಿ...”

ವಿಮಲ್ ಎದ್ದು ಕೂತು ನೇರವಾಗಿ ಅವಳನ್ನೇ ನೋಡಿದ. “ಎಲ್ಲಾ ನೆನಪಿದೆ. ಗ್ಯಾಸ್ ಮಾಡೋದು ನೀನೂಂತ ತಿಳಿದೇ ಬಂದೆ. ಈ ಸಲ ತಟ್ಟೆ ನಾನೇ ತರ್ತೀನಿ ಅಭಿ. ವಾಪಸ್ ಕಳಿಸ್ತೀಯಾ?”

ಅವಳು ದಣಿದ ತಲೆಯನ್ನು ಅವನ ಭುಜಕ್ಕೆ ಒರಗಿಸಿದಳು.

“ಇಲ್ಲ ಮಾಮ. ಕಾದು ಕಾದು ನನಗೂ ಸಾಕಾಗಿದೆ... ಬೇಗ ತನ್ನಿ.”